ಅಕ್ಕನ ಮೊಣಕಾಲು ಒಪ್ಪುವ ಲಾರಿ

ಬಾಗಲೂರು

ನಮ್ಮಜ್ಜಿಯ ಲೆಕ್ಕದಲ್ಲಿ ಬಸ್ಸಿನ ಬೋರ್ಡು ಓದಲು ಬಾರದ ಜಾಗವೆಲ್ಲ ಪರದೇಶ. ಅಜ್ಜಿಗೆ ಯಾವ ಊರಿನ ಬೋರ್ಡೂ ಓದಲು ಬರುತ್ತಿರಲಿಲ್ಲ, ಆ ಮಾತು ಬೇರೆ. ಆದರೂ ಮಾಲೂರಿನಿಂದ ಹೊಸೂರಿಗೆ ಹೋಗುವಾಗ ಬಾಗಲೂರು ಹತ್ತಿರವಾದಂತೆ ಅಂಗಡಿ ಬೋರ್ಡಿನ ಅಕ್ಷರಗಳು ತಮಿಳಿಗೆ ತಿರುಗಿ ಮೂಲೆಮೂಲೆಯಾಗುವುದನ್ನು ಕಿಟಕಿಯಿಂದಲೇ ಗುರುತಿಸಿ, ಸೆರಗು ಸರಿಮಾಡಿಕೊಂಡು, "ಬಂತು ಪರದೇಶ, ಎಲ್ರೂ ನೆಟ್ಟಗೆ ಕೂತ್ಕೊಳ್ಳಿ" ಎನ್ನುತ್ತಿದ್ದಳು. ನಮ್ಮ ರತ್ನಕ್ಕನನ್ನು ಹೊಸೂರಿನಾಚೆಯ ತಳಿ ಎಂಬ ಊರಿಗೆ ಮದುವೆ ಮಾಡಿಕೊಟ್ಟಾಗಲಂತೂ "ಮಗೀನ ಹೊರದೇಶಕ್ಕೆ ಕೊಟ್ಬುಟ್ವಲ್ಲಪ್ಪೋ" ಎಂದು ಒಂದು ವಾರ ಅತ್ತಳು. ಮಾಲೂರಿಗೂ ತಳಿಗೂ ನಡುವೆ ಇರುವುದು ಎರಡು ಬಸ್ಸು, ಒಂದು ಕಾಫಿ.

ಹಾಗಾಗಿ ಇದು ನನ್ನ ವಿದೇಶ ಪ್ರವಾಸದ ಕಥೆ. ಪಾಸ್‌ಪೋರ್ಟು ಕೇಳಲಿಲ್ಲ. ನನ್ನ ಮೊಣಕಾಲು ಕೇಳಿದರು.

ಕರೆದವರು ರತ್ನಕ್ಕನ ಗಂಡ ಮುನಿರಾಜಪ್ಪ ಭಾವ. ಮೂವತ್ತೈದು ವರ್ಷ ಲಾರಿ ಓಡಿಸಿದವರು. ತಳಿಯ ಕೋಸು, ಕೃಷ್ಣಗಿರಿಯ ಬಂಡೆಕಲ್ಲು, ಏನು ತುಂಬಿದರೂ ಉತ್ತರದ ಕಡೆಗೆ ಒಯ್ದು ಇಳಿಸಿ ಬಂದವರು. ಈಗ ಲಾರಿ ಬಿಟ್ಟು ಮನೆಯಲ್ಲಿದ್ದಾರೆ ಎಂದುಕೊಂಡಿದ್ದೆ. ಫೋನಿನಲ್ಲಿ, "ಲೋ ಸೀನ, ಚಾಸಿ ನೋಡಕ್ಕೆ ಹೋಗ್ಬೇಕು, ಬಾರ್ಲಾ" ಎಂದರು. ಚಾಸಿ ಎಂದರೆ ಬಾಡಿ ಕಟ್ಟುವ ಮೊದಲಿನ ಲಾರಿಯ ಬೋಳು ಚೌಕಟ್ಟು.

"ಮತ್ತೆ ಲೋಡ್ ಹೊಡೀತೀರಾ ಬಾವ?"

"ಲೋಡಲ್ಲ ಕಣ್ಲಾ, ಮನೆ. ಚಾಸಿ ಮ್ಯಾಲೆ ಮನೆ ಕಟ್ತೀನಿ. ಒಲೆ, ಮಂಚ, ಬಚ್ಚಲು ಎಲ್ಲ. ಹಿಮಾಲಯ, ಆಮೇಲೆ ನೇಪಾಳ. ನಿಮ್ಮಕ್ಕನ್ನ ಕರ್ಕೊಂಡು."

ನನಗೆ ಲಾರಿಯ ಬಗ್ಗೆ ತಿಳಿದಿರುವುದು ಇಷ್ಟೇ: ಹೆಂಚು ತುಂಬಿದ ಮೇಲೆ ಹಗ್ಗ ಬಿಗಿಯಾಗಿರಬೇಕು. ಹೆಂಚಿನ ಕಾರ್ಖಾನೆಯಲ್ಲಿ ಇದ್ದವನಿಗೆ ಅಷ್ಟು ಸಾಕಾಗಿತ್ತು. ಹಾಗೆಂದು ಹೇಳಿದರೂ ಭಾವ ಬಿಡಲಿಲ್ಲ.

ಹೊಸೂರಿನ ಬಸ್ ನಿಲ್ದಾಣದಲ್ಲಿ ತಳಿಯ ಬಸ್ಸು ಯಾವುದೆಂದು ತಿಳಿಯದೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಒಂದೇ ಒಂದು ತಮಿಳು ವಾಕ್ಯವನ್ನು ಒಬ್ಬ ಹೂವಿನ ಅಜ್ಜಿಯ ಮುಂದೆ ಒಪ್ಪಿಸಿದೆ. ಅಜ್ಜಿ ತೆಲುಗಿನಲ್ಲಿ ಏನೋ ಹೇಳಿತು. ಕಂಡಕ್ಟರು ನನ್ನ ಪಂಚೆ ನೋಡಿ, "ಹತ್ತಣ್ಣ ಸುಮ್ನೆ, ಬಾಯಿಗ್ಯಾಕೆ ಅಷ್ಟು ಕಷ್ಟ ಕೊಡ್ತೀಯ" ಎಂದ. ಈ ದೇಶದ ಜನ ವ್ಯಾಪಾರ ತಮಿಳಿನಲ್ಲಿ ಮಾಡುತ್ತಾರೆ, ತೆಲುಗಿನಲ್ಲಿ ಬಯ್ಯುತ್ತಾರೆ, ಸಂಕಟವನ್ನು ಕನ್ನಡದಲ್ಲಿ ಹೇಳಿಕೊಳ್ಳುತ್ತಾರೆ. ನಮ್ಮೂರಿನಲ್ಲಿ ಮೂರಕ್ಕೂ ಒಂದೇ ಭಾಷೆ. ಅದಕ್ಕೇ ಜಗಳ ಬೇಗ ಮುಗಿಯುವುದಿಲ್ಲ.

ತಳಿ, ಜಗಲಿಯ ಮೇಲೆ

ತಳಿಯಲ್ಲಿ ಚಳಿ. ಅಕ್ಕ ಒರಳುಕಲ್ಲಿನ ಮುಂದೆ ಕೂತು ಖಾರ ರುಬ್ಬುತ್ತಿದ್ದಳು. ಭಾವ ಅದರ ಪಕ್ಕದಲ್ಲೇ ನೆಲದ ಮೇಲೆ ಸೀಮೆಸುಣ್ಣದಿಂದ ಲಾರಿಮನೆಯ ನಕ್ಷೆ ಬರೆದು ನನಗೆ ತೋರಿಸಿದರು.

"ಇಲ್ಲಿ ಮಂಚ. ಇಲ್ಲಿ ಗ್ಯಾಸು. ಇಲ್ಲಿ ಒಂದು ಮಿಕ್ಸಿ ಇಕ್ಬುಟ್ರೆ ಮುಗೀತು."

ಅಕ್ಕ ತಲೆ ಎತ್ತಲಿಲ್ಲ. ಗುಂಡುಕಲ್ಲು ಮಾತ್ರ ಒಂದು ಸುತ್ತು ಜೋರಾಗಿ ತಿರುಗಿತು.

ಊಟಕ್ಕೆ ಕೂತಾಗ ತಿಳಿಯಿತು, ನಕ್ಷೆಯೆಲ್ಲ ಇನ್ನೂ ಒಬ್ಬರ ಕನಸೇ. ಮುದ್ದೆ ಬಡಿಸುತ್ತ ಅಕ್ಕ ಹೇಳಿದಳು: "ಸೀನ, ನೀನೇ ಹೇಳಪ್ಪ. ಇವರ ಲಾರಿ ನನ್ನ ಎದೆ ಎತ್ತರ ಇರ್ತದೆ. ಈ ಮೊಣಕಾಲು ಇಟ್ಕೊಂಡು ನಾನು ಹೆಂಗೆ ಓಡಾಡ್ಲಿ? ನನ್ನ ಕಾಲು ಒಪ್ಪೋ ಗಾಡಿ ಸಿಕ್ರೆ ಬತ್ತೀನಿ. ಇಲ್ಲಾಂದ್ರೆ ಒಬ್ರೇ ಹೋಗ್ಲಿ. ಅಭ್ಯಾಸ ಐತಲ್ಲ."

ಕೊನೆಯ ಮಾತನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ, ಉಪ್ಪು ಸಾಕಾ ಎಂದು ಕೇಳುವ ಹಾಗೆ ಹೇಳಿದಳು. ಭಾವನ ಕೈಯಲ್ಲಿದ್ದ ಮುದ್ದೆ ಸಾರಿನಲ್ಲಿ ಅರ್ಧಕ್ಕೇ ನಿಂತಿತು. ನನ್ನನ್ನು ಯಾಕೆ ಕರೆಸಿದ್ದಾರೆಂದು ಆಗ ಗೊತ್ತಾಯಿತು. ಅವರಿಗೆ ಬೇಕಾಗಿದ್ದು ಲಾರಿ ತಿಳಿದವನಲ್ಲ, ಅಕ್ಕನ ಕಡೆಯವನು.

ಊಟವಾದ ಮೇಲೆ ಭಾವ ಒಂದು ದಾರ ತಂದರು. ಅಕ್ಕನನ್ನು ಜಗಲಿಯ ಮುಂದೆ ನಿಲ್ಲಿಸಿ, "ಎಷ್ಟಾಗ್ತದೋ ಅಷ್ಟು ಎತ್ತು" ಎಂದರು. ಅಕ್ಕ ಗೋಡೆ ಹಿಡಿದು ಬಲಗಾಲು ಎತ್ತಿದಳು. ಮೊಣಕಾಲು ಕಟಕ್ಕೆಂದಿತು. ನೆಲದಿಂದ ಪಾದದವರೆಗೆ ದಾರ ಹಿಡಿದು ಭಾವ ಗಂಟು ಹಾಕಿದರು. ಒಂದು ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಅವಳು ತಲೆ ಬಗ್ಗಿಸದೆ ನಿಲ್ಲುವ ಎತ್ತರಕ್ಕೆ ಇನ್ನೊಂದು ಗಂಟು. ಟೇಪು ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಆದರೆ ಟೇಪಿನ ನಂಬರು ಮರೆತುಹೋಗುತ್ತದೆ, ಗಂಟು ಮರೆಯುವುದಿಲ್ಲ ಎಂಬುದು ಭಾವನ ಸಿದ್ಧಾಂತ. ದಾರವನ್ನು ಸುರುಳಿ ಸುತ್ತಿ ಅಂಗಿಯ ಜೇಬಿಗೆ ಹಾಕಿ, ಮೇಲೆ ಎರಡು ಸಲ ತಟ್ಟಿಕೊಂಡರು.

ಆಲಸನತ್ತಂ

ಹೊಸೂರಿನ ಆಲಸನತ್ತಂನಲ್ಲಿ ಹೊಸ ಮನೆಗಳ ಸಾಲಿನ ಹಿಂದೆ ಸೆಲ್ವಂ ಎಂಬ ಹಳೇ ಲಾರಿ ವ್ಯಾಪಾರಿಯ ಅಂಗಳ. ಅಲ್ಲಿತ್ತು ಭಾವ ಕಣ್ಣಿಟ್ಟಿದ್ದ ಲಾರಿ. ನಾಲ್ಕು ಚಕ್ರವೂ ಎಳೆಯುವ ಗಾಡಿಯಂತೆ. ಟೈರು ನನ್ನ ಎದೆಮಟ್ಟ. ಹಿಂದೆ ಹಲಗೆ ಹಾಸಿದ ತೆರೆದ ಅಟ್ಟ. ಮುಂದಿನ ಕನ್ನಡಿಯಿಂದ ಪಕ್ಕದ ಮನೆಯ ಗೋಡೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಸೀಟಿನ ಮೇಲೆ ಒಂದು ಕೋಳಿ ಕಾವಿಗೆ ಕೂತಿತ್ತು.

"ಬಾಂಗಣ್ಣ, ಬಾಂಗ. ಗಾಡಿ ಸೂಪರ್ ಗಾಡಿ. ಹೊಳೆ, ಹಳ್ಳ, ಮಲೆ, ಎಲ್ಲಿ ಬೇಕಾದ್ರೂ ಪೋಗುಂ," ಎಂದ ಸೆಲ್ವಂ.

"ಈಗ ಸ್ಟಾರ್ಟ್ ಮಾಡು, ನೋಡಣ."

"ಈಗ ಆಗಲ್ಲಣ್ಣ. ಬಟ್ಟೆ ಒಣಗ್ಲಿ."

ಬಟ್ಟೆ ಒಣಗುವವರೆಗೆ ಭಾವ ಪರೀಕ್ಷೆ ಶುರು ಮಾಡಿದರು. ದೊಡ್ಡ ಸ್ಪ್ಯಾನರ್ ಇಸಕೊಂಡು ಚಾಸಿಯ ಉದ್ದಕ್ಕೂ ಗೇಣಿಗೊಂದು ಪೆಟ್ಟು ಹೊಡೆಯುತ್ತ, ಕಣ್ಣು ಮುಚ್ಚಿ ಕಿವಿ ಇಟ್ಟು ಕೇಳಿದರು. ನಮ್ಮಜ್ಜಿ ಸಂತೆಯಲ್ಲಿ ಮಡಕೆ ಕೊಳ್ಳುತ್ತಿದ್ದುದೂ ಹೀಗೇ. ಬಿರುಕೋ ಬೆಸುಗೆಯೋ ಇದ್ದರೆ ಸದ್ದು ಸತ್ತಿರುತ್ತದಂತೆ. ಇದು ಉದ್ದಕ್ಕೂ ಟಿಣ್ ಎಂದಿತು. "ಗಂಟೆ ಇದ್ದಂಗೈತೆ ಕಣ್ಲಾ!" ಎಂದು ಭಾವ ಅಂಗಿ ಬಿಚ್ಚಿ ಬಟ್ಟೆಯ ಹಗ್ಗಕ್ಕೆ ನೇತುಹಾಕಿ ಗಾಡಿಯ ಅಡಿಗೆ ನುಗ್ಗಿದರು. ಕೆಳಗಿನಿಂದ ಅವರ ಮೆಚ್ಚುಗೆಯ ಮಾತು ಮಾತ್ರ ಕೇಳಿಬರುತ್ತಿತ್ತು. ಗೇರ್ ಬಾಕ್ಸಿಗೆ "ಅಪ್ಪಾ, ದೊರೆ" ಎಂದರು. ನಮ್ಮಕ್ಕನನ್ನು ಹೆಣ್ಣು ನೋಡಲು ಬಂದಾಗಲೂ ಈ ಮನುಷ್ಯ ಇಷ್ಟು ಮಾತಾಡಿರಲಿಲ್ಲ.

ಅರ್ಧ ಗಂಟೆಯ ಮೇಲೆ ಗ್ರೀಸು ಮೆತ್ತಿಕೊಂಡು ಹೊರಬಂದು, "ಇದೇ ಸೀನ. ಇದೇ. ಈಗ ದಾರ ಇಟ್ಟು ನೋಡ್ಬುಡಣ" ಎಂದು ಅಂಗಿಯ ಜೇಬಿಗೆ ಕೈ ಹಾಕಿದರು. ಜೇಬು ಖಾಲಿ.

ಸೆಲ್ವಂ ಖುಷಿಯಿಂದ ಗಾಡಿಯ ಮುಂದೆ ನಿಂತಿದ್ದ. ಗಿರಾಕಿ ಗಾಡಿ ಮುಟ್ಟಿದ ಮೇಲೆ ಬಂಪರಿಗೆ ಹೂವಿಡುವುದು ಅವನ ಪದ್ಧತಿಯಂತೆ. ಮಲ್ಲಿಗೆ ತಂದಿದ್ದಾನೆ, ಕಟ್ಟಲು ದಾರ ಸಿಕ್ಕಿಲ್ಲ, ಹಗ್ಗದ ಮೇಲಿನ ಅಂಗಿಯಿಂದ ಸುರುಳಿ ಇಣುಕುತ್ತಿತ್ತು. ಹಲ್ಲಿನಲ್ಲಿ ಕಚ್ಚಿ ನಾಲ್ಕು ತುಂಡು ಮಾಡಿ ಬಂಪರಿಗೆ, ಎರಡೂ ಕನ್ನಡಿಗೆ, ಸ್ಟೀರಿಂಗಿಗೆ ಹೂವು ಕಟ್ಟಿದ್ದ.

"ಅದ್ರಾಗೆ ಗಂಟು ಇತ್ತಲ್ಲಯ್ಯಾ!" ಎಂದರು ಭಾವ.

"ಇತ್ತಣ್ಣ, ರೆಂಡು ಗಂಟು. ಬಿಚ್ಚಿ ನೀಟ್ ಮಾಡ್ಬುಟ್ಟೆ," ಎಂದ ಅವನು, ಬಹುಮಾನ ಬರುತ್ತದೆಂಬಂತೆ.

ಭಾವ ಟೈರಿಗೆ ಒರಗಿ ಕೂತರು. ಮನೆಗೆ ಫೋನು ಮಾಡಿ ಇನ್ನೊಮ್ಮೆ ಕಾಲೆತ್ತು ಎನ್ನಬಹುದಿತ್ತು. ಆದರೆ ಕೊಟ್ಟ ಅಳತೆಯನ್ನು ಒಂದು ದಿನವೂ ಕಾಪಾಡಲಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ನನ್ನ ಮುಖವನ್ನಲ್ಲ, ಕಾಲನ್ನು.

"ಸೀನ, ನೀನೂ ರತ್ನನೂ ಒಂದೇ ಹೊಟ್ಟೇಲಿ ಹುಟ್ಟಿದೋರು ಅಲ್ವಾ?"

"ಹೌದು ಬಾವ."

"ನಿಂಗೂ ಮೊಣಕಾಲು ನೋವು ಐತಲ್ವಾ?"

"ಐತೆ ಬಾವ, ಆದ್ರೆ..."

"ಹತ್ತು."

ಪಕ್ಕದ ಮನೆಯ ಹೆಂಗಸು ಕಾಂಪೌಂಡಿನ ಮೇಲಿಂದ ಎಲ್ಲ ನೋಡುತ್ತಿದ್ದಳು. "ಅಣ್ಣಾ, ಪಂಚೆ ಎತ್ತಿ ಕಟ್ಕೊಂಡು ಹತ್ತೋದು ಬೇರೆ, ಸೀರೆ ಉಟ್ಕೊಂಡು ಹತ್ತೋದು ಬೇರೆ" ಎಂದಳು. ಭಾವನಿಗೆ ಇದು ಬಹಳ ನ್ಯಾಯವಾಗಿ ಕಂಡಿತು. ಅವಳು ಹಗ್ಗದ ಮೇಲಿದ್ದ ಅರೆ ಒಣಗಿದ ನೀಲಿ ಸೀರೆಯೊಂದನ್ನು, ಹರಿಯಬಾರದು ಎಂಬ ಕರಾರಿನ ಮೇಲೆ ಕೊಟ್ಟಳು. ಹೀಗೆ ಪರದೇಶದಲ್ಲಿ, ಹಗಲು ಹೊತ್ತಿನಲ್ಲಿ, ನಾಲ್ಕು ಜನ ನೋಡುತ್ತಿರುವಾಗ, ಅರವತ್ತು ದಾಟಿದ ನಾನು ಪಂಚೆಯ ಮೇಲೆ ಸೀರೆ ಸುತ್ತಿಕೊಂಡು ಲಾರಿ ಹತ್ತಿದೆ.

ಲಾರಿಯವರು ಹತ್ತುವ ಕ್ರಮವೇ ಬೇರೆ. ಮೊದಲು ಚಕ್ರದ ನಡುವಿನ ಗುಂಬಕ್ಕೆ ಒಂದು ಕಾಲು, ಆಮೇಲೆ ಟೈರಿನ ನೆತ್ತಿಗೆ ಇನ್ನೊಂದು, ಕೈಗೆ ಸಿಕ್ಕಿದ್ದನ್ನು ಹಿಡಿದು ದೇವರನ್ನು ನೆನೆದು ಎಗರುವುದು. ಎಗರಿದೆ. ಅಟ್ಟದ ಮೇಲೆ ಬಿದ್ದೆ. ಕೆಳಗೆ ಚಪ್ಪಾಳೆ. "ನೋಡ್ದಾ! ಒಂದೇ ಹೊಟ್ಟೆ, ಒಂದೇ ಕಾಲು. ಅವಳೂ ಹತ್ತತಾಳೆ!" ಭಾವ ಸೆಲ್ವಂನ ಕೈ ಹಿಡಿದು ಕುಲುಕಿಬಿಟ್ಟರು.

"ಸರಿ, ಇನ್ನು ಇಳಿ."

ಇಳಿಯಲು ಕಾಲು ಚಾಚಿದೆ. ಕೆಳಗೆ ಏನೂ ಸಿಗಲಿಲ್ಲ. ಬೆನ್ನು ತಿರುಗಿಸಿ ಚಾಚಿದೆ. ಸೀರೆ ಕಾಲಿಗೆ ಸುತ್ತಿಕೊಂಡಿತು, ಮೊಣಕಾಲಿನೊಳಗೆ ಯಾರೋ ಸೂಜಿ ಆಡಿಸಿದಂತಾಯಿತು. ವಾಪಸು ಕೂತೆ. ಭಾವ ಎಡಗಾಲು ಎಂದರು, ಸೆಲ್ವಂ ಬಲಗಾಲು ಎಂದ, ಯಾರೋ ಮುದುಕರು ತೆಲುಗಿನಲ್ಲಿ ಹಾರು ಎಂದರು. ಕೋಳಿ ಕೂಡ ಒಮ್ಮೆ ಎದ್ದು ಬಂದು ನೋಡಿ ಹೋಯಿತು.

ಆಗ ಸೀರೆಯ ಹೆಂಗಸು ಕೇಳಿದಳು: "ಅಲ್ಲಣ್ಣಾ, ನಿಮ್ಮ ಮನೆಯವ್ರಿಗೆ ಮೊಣಕಾಲು ಹತ್ತೋವಾಗ ನೋಯ್ತದಾ, ಇಳಿಯೋವಾಗ ನೋಯ್ತದಾ?"

ಭಾವ ಅಟ್ಟದ ಮೇಲಿದ್ದ ನನ್ನ ಕಾಲು ನೋಡಿದರು.

"ನಮ್ಮತ್ತೆಗೆ ಇಳಿಯೋವಾಗ್ಲೇ. ಹತ್ತೋದು ಹೆಂಗೋ ಹತ್ಬುಡ್ತಾರೆ. ಇಳಿಯೋವಾಗ ಗೋಡೆ ಹಿಡ್ಕೊಂಡು ಅಳ್ತಾರೆ. ನಿಮ್ಮೋರಿಗೆ?"

"ನಂಗೊತ್ತಿಲ್ಲ ತಾಯಿ," ಎಂದರು ಭಾವ. ಯಾವ ಕಮಾನು ಸ್ಪ್ರಿಂಗಿನಲ್ಲಿ ಎಷ್ಟು ಪ್ಲೇಟು, ಯಾವ ಘಾಟಿಯಲ್ಲಿ ಯಾವ ಗೇರು ಎಂದು ನಿದ್ದೆಯಲ್ಲೂ ಹೇಳುವ ಮನುಷ್ಯ. ಕೊನೆಗೆ ನೀರಿನ ಡ್ರಮ್ಮು ಉರುಳಿಸಿ ತಂದು, ಅದರ ಪಕ್ಕದಲ್ಲಿ ಇಟ್ಟಿಗೆ ಜೋಡಿಸಿ ನನ್ನನ್ನು ಇಳಿಸಿಕೊಂಡರು. ಸೀರೆ ಹರಿಯಲಿಲ್ಲ.

ಕೃಷ್ಣಗಿರಿಯ ದಾರಿ

ಕೃಷ್ಣಗಿರಿಯಲ್ಲಿ ಗೋವಿಂದಸಾಮಿ ಎಂಬ ಹಳೆಯ ಮೇಸ್ತ್ರಿ ಇದ್ದಾರೆ, ಚಾಸಿಯ ಮೇಲೆ ಲಾರಿಯ ಬಾಡಿ ಕಟ್ಟುವವರು, ಅವರನ್ನು ಕೇಳಿಯೇ ಮುಂಗಡ ಕೊಡೋಣ ಎಂದು ಭಾವ ಬಸ್ಸು ಹತ್ತಿಸಿದರು. ದಾರಿಯಲ್ಲಿ ನಮ್ಮ ಪಕ್ಕದಲ್ಲೇ ಹೊಸ ಚಾಸಿಗಳ ಸಾಲೊಂದು ಹೋಯಿತು. ಬಾಗಿಲಿಲ್ಲ, ಚಾವಣಿಯಿಲ್ಲ, ಬರೀ ಎಂಜಿನ್ನು, ಚಕ್ರ, ಎರಡು ಉದ್ದ ಕಬ್ಬಿಣ. ಮುಂದಿನದರ ಡ್ರೈವರು ಹಗ್ಗದಿಂದ ಕಟ್ಟಿದ ಹಲಗೆಯ ಮೇಲೆ ಕೂತು, ಮುಖಕ್ಕೆಲ್ಲ ಟವೆಲು ಸುತ್ತಿ, ಕಪ್ಪು ಕನ್ನಡಕ ಹಾಕಿದ್ದ. ಮನೆಯೇ ಇಲ್ಲದ ಹೊಸಿಲಿನ ಮೇಲೆ ಕೂತು ಊರು ಸುತ್ತುವ ಯಜಮಾನನಂತಿದ್ದ.

"ಮಳೆ ಬಂದ್ರೆ ಏನ್ ಮಾಡ್ತಾರೆ ಬಾವ?"

"ನೆನೀತಾರೆ."

"ಬಿಸಿಲು ಬಂದ್ರೆ?"

"ಒಣಗ್ತಾರೆ." ಅವರೇ ಮುಂದುವರಿಸಿದರು. "ಮದುವೆ ಆದ ವರ್ಷ ನಾನೂ ಇಂಥ ಬೋಳು ಚಾಸೀನೇ ಓಡಿಸ್ತಿದ್ದಿದ್ದು. ಡೆಲ್ಲಿಗಂಟ. ಒಂದ್ಸಲ ಮನೆ ಮುಂದೆ ನಿಲ್ಸಿದ್ದೆ. ನಿಮ್ಮಕ್ಕ ಆಚೆ ಬಂದು ಸುತ್ತಲೂ ನೋಡಿ, 'ಇದ್ರಾಗೆ ನಾನೆಲ್ಲಿ ಕೂರ್ಲಿ?' ಅಂದ್ಲು. ನಾನು ನಕ್ಬುಟ್ಟೆ."

"ಆಮೇಲೆ?"

"ಆಮೇಲೆ ಕೇಳ್ಳೇ ಇಲ್ಲ ಕಣ್ಲಾ."

ಕೃಷ್ಣಗಿರಿ

ಗೋವಿಂದಸಾಮಿ ಮೇಸ್ತ್ರಿಯ ಶೆಡ್ಡಿನಲ್ಲಿ ನಮ್ಮನ್ನು ನೋಡಿದ್ದೇ ಕೆಲಸಗಾರರು ವೆಲ್ಡಿಂಗ್ ನಿಲ್ಲಿಸಿದರು. ಚಾಸಿಯ ಮೇಲೆ ಮಂಚ ಹಾಕಬೇಕು ಎಂದದ್ದೇ ತಡ, ಒಬ್ಬೊಬ್ಬರು ಒಂದೊಂದು ಊಹೆ ಮಾಡಿದರು.

"ಎಲೆಕ್ಷನ್ ಗಾಡಿಯಾ ಅಣ್ಣ?"

"ಸ್ವಾಮಿ ಉತ್ಸವದ್ದಾ?"

"ಹೆಣ ಸಾಗ್ಸೋದಾ?"

"ಮನೆ," ಎಂದರು ಭಾವ.

ಮೇಸ್ತ್ರಿ ಕನ್ನಡಕ ಹಣೆಗೇರಿಸಿದರು. "ಮನೆ ಇಲ್ವಾ ನಿಂಗೆ?"

"ಐತೆ."

"ಸೋರ್ತದಾ?"

"ಇಲ್ಲ."

ಮೇಸ್ತ್ರಿ ಇನ್ನೇನೂ ಕೇಳದೆ ಎಲ್ಲರಿಗೂ ಟೀ ತರಿಸಿದರು. ನಮ್ಮೂರಿನಲ್ಲಾದರೆ ಇಷ್ಟು ಹೊತ್ತಿಗೆ ಸಂಬಂಧಿಕರಿಗೆ ಫೋನು ಹೋಗಿರುತ್ತಿತ್ತು.

ಟೀ ಕುಡಿಯುತ್ತ ಭಾವ ಎಲ್ಲವನ್ನೂ ಹೇಳಿದರು. ಅಕ್ಕನ ಕಾಲು, ಗಂಟು, ಮಲ್ಲಿಗೆ, ಸೀರೆ, ಡ್ರಮ್ಮು. ಒಂದನ್ನೂ ಬಿಡಲಿಲ್ಲ. ಎತ್ತರದ ಗಾಡಿ ತನಗೆ ಬೇಕು, ಆದರೆ ಅದು ಅವಳಿಗೆ ಆಗುವುದಿಲ್ಲ, ಇದಕ್ಕೇನು ಮಾಡುವುದು ಎಂದು ಕೇಳಿದರು. ಮೇಸ್ತ್ರಿ ಲೋಟ ಕೆಳಗಿಟ್ಟರು.

"ಮೆಟ್ಲು ಇಕ್ಕಿದ್ರೆ ಆಗಲ್ವಾ?"

ಭಾವ ನನ್ನ ಮುಖ ನೋಡಿದರು, ನಾನು ಭಾವನ ಮುಖ ನೋಡಿದೆ.

"ಲಾರಿಗೆ ಮೆಟ್ಲಾ?" ಎಂದರು ಭಾವ, ಎತ್ತಿಗೆ ಚಪ್ಪಲಿಯಾ ಎಂದು ಕೇಳುವವರ ಹಾಗೆ.

"ಮನೆ ಅಂದ್ಯಲ್ಲಪ್ಪಾ. ಮನೆಗೆ ಇರಲ್ವಾ?"

ನೀವು ನಗಬಹುದು. ಆದರೆ ಮೂವತ್ತೈದು ವರ್ಷ ಟೈರು ಮೆಟ್ಟಿಯೇ ಹತ್ತಿದವನಿಗೆ ಮೆಟ್ಟಿಲು ಎಂಬುದು ಕಣ್ಣಿಗೇ ಬೀಳುವುದಿಲ್ಲ. ನನಗೆ ಯಾಕೆ ಹೊಳೆಯಲಿಲ್ಲ ಎಂದು ಕೇಳಬೇಡಿ. ನಾನು ಸೀರೆಯಲ್ಲಿದ್ದೆ.

ಭಾವನ ಮುಖ ಅರಳಿತು. "ಹಂಗಾದ್ರೆ ಆ ಎತ್ತರದ ಗಾಡೀನೇ..."

"ತಡಿ. ಮೆಟ್ಲಿಗೆ ಮೆಟ್ಲು ಎಷ್ಟು ಎತ್ತರ ಇಕ್ಲಿ? ಆಯಮ್ಮ ಇಳಿಯೋ ಅಳತೆ ತಂದ್ಕೊಡು." ಮೇಸ್ತ್ರಿ ಸೀಮೆಸುಣ್ಣದಿಂದ ನೆಲದ ಮೇಲೆ ಗೀಚಿದರು. "ಆಕೆ ದೊಡ್ಡ ಹೆಜ್ಜೆ ಇಕ್ಕೋದಾದ್ರೆ ಆ ಗಾಡಿಗೆ ಮೂರು ಮೆಟ್ಲು ಸಾಕು. ಸಣ್ಣದಾದ್ರೆ ಎಂಟೋ ಒಂಬತ್ತೋ ಆಗ್ತದೆ, ಮಂಗನ ಬಾಲ ಇದ್ದಂಗೆ ಹಿಂದ್ಗಡೆ ನೀಟ್ಕೊಂತದೆ. ಆಗ ಆ ಮೂಲೇಲಿರೋ ಚಾಸೀನೇ ಮೇಲು."

ಶೆಡ್ಡಿನ ಮೂಲೆಯಲ್ಲಿ ಒಂದು ಬೋಳು ಚಾಸಿ ನಿಂತಿತ್ತು. ಬಸ್ಸಿಗಾಗಿ ಮಾಡಿದ್ದಂತೆ, ತಗ್ಗು, ತರಿಸಿದವರು ಬೇಡವೆಂದು ಬಿಟ್ಟುಹೋಗಿದ್ದರು. ಭಾವ ಅದರ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದರು. ಸ್ಪ್ಯಾನರಿನಲ್ಲಿ ಬಡಿದೂ ನೋಡಲಿಲ್ಲ.

"ಎಲ್ರೂ ಚಾಸಿ ತಂದು ಮೆಟ್ಲು ಕೇಳ್ತಾರೆ," ಎಂದರು ಮೇಸ್ತ್ರಿ. "ನೀನು ಮೆಟ್ಲು ತಂದು ಚಾಸಿ ಕೇಳು."

ಮತ್ತೆ ತಳಿ

ಮರುದಿನ ಬೆಳಿಗ್ಗೆ ಅಕ್ಕ ಅವರೆಕಾಯಿ ಬಿಡಿಸಲು ಮಹಡಿಯ ಬಿಸಿಲಿಗೆ ಹೋಗಿದ್ದಳು. ಹೊರಗೋಡೆಗೆ ಅಂಟಿದ ಮೆಟ್ಟಿಲು, ಒಂದೊಂದೂ ಒಂದೊಂದು ಎತ್ತರ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಪಕ್ಕದಲ್ಲಿ ಭಾವ ಹೊಸ ದಾರ ಹಿಡಿದು ಕುಕ್ಕರುಗಾಲಲ್ಲಿ ಕೂತರು. ನಾನು ಜಗಲಿಯ ಮೇಲೆ.

"ರತ್ನಾ, ಇಳಿದು ಬಾ."

"ಕಾಯಿ ಇನ್ನೂ ಮುಗಿದಿಲ್ಲ."

"ಬಾ ಅಂದೆ."

ಅಕ್ಕ ಮೊರ ಸೊಂಟಕ್ಕೆ ಇಟ್ಟುಕೊಂಡು ಬಂದಳು. ಒಂದು ಕೈ ಗೋಡೆಗೆ. ಬಲಗಾಲು ಮೊದಲು, ಆಮೇಲೆ ಎಡಗಾಲನ್ನೂ ಅದೇ ಮೆಟ್ಟಿಲಿಗೆ ತಂದು, ನಿಂತು, ಉಸಿರು ಬಿಟ್ಟು, ಮತ್ತೆ ಬಲಗಾಲು. ಎತ್ತರದ ಮೆಟ್ಟಿಲು ಬಂದಾಗಲೆಲ್ಲ ಪಕ್ಕಕ್ಕೆ ತಿರುಗಿ, ಏಡಿಯ ಹಾಗೆ ಓರೆಯಾಗಿ ಇಳಿಯುತ್ತಿದ್ದಳು. ಒಂದೇ ಒಂದು ಮೆಟ್ಟಿಲನ್ನು, ಮೇಲಿಂದ ನಾಲ್ಕನೆಯದನ್ನು, ತಿರುಗದೆ ನೆಟ್ಟಗೆ ಇಳಿದಳು. ಅವಳು ಕೆಳಗೆ ಮುಟ್ಟುವವರೆಗೂ ಭಾವ ದಾರವನ್ನು ಮರೆತು ಸುಮ್ಮನೆ ನೋಡುತ್ತಿದ್ದರು.

"ಯಾವಾಗಿಂದ ಹಿಂಗೆ?"

"ನಾಕೈದು ವರ್ಷ ಆಯ್ತು. ಯಾಕೆ?"

ಭಾವ ಹತ್ತಿ ಹೋಗಿ ಆ ನಾಲ್ಕನೆಯ ಮೆಟ್ಟಿಲಿಗೆ ದಾರ ಹಿಡಿದು ಗಂಟು ಹಾಕಿದರು. ಒಂದು ಗೇಣೂ ಇರಲಿಲ್ಲ. ಅಲ್ಲೇ ಕೂತು ಮೇಸ್ತ್ರಿಗೆ ಫೋನು ಮಾಡಿದರು. ಮೇಸ್ತ್ರಿಯ ಗಂಟಲು ದೊಡ್ಡದು, ನಮಗೆಲ್ಲ ಕೇಳಿಸುತ್ತಿತ್ತು.

"ಎತ್ತರದ ಗಾಡಿಗಾದ್ರೆ ಒಂಬತ್ತು ಮೆಟ್ಲಪ್ಪಾ. ಬಸ್ ಚಾಸಿಗಾದ್ರೆ ಐದು."

"ಬಸ್ ಚಾಸಿ ಇಟ್ಟಿರಿ."

"ಅದು ಹೊಳೆ ಗಿಳೆ ದಾಟಲ್ಲ. ಕಲ್ಲುದಾರೀಲಿ ಹೋಗಲ್ಲ. ನೀನು ಮಲೆ ಹತ್ತತೀನಿ ಅಂದ್ಯಲ್ಲ?"

"ಎಲ್ಲಿಗಂಟ ಹೋಗ್ತದೋ ಅಲ್ಲಿಗಂಟ."

ಫೋನು ಇಟ್ಟು ಭಾವ ಅಂಗಳಕ್ಕೆ ಬಂದರು. ದಾರವನ್ನು ಜೇಬಿಗೆ ಹಾಕಲು ಹೋಗಿ, ಏನೋ ನೆನಪಾಗಿ, ಮಣಿಕಟ್ಟಿಗೆ ಸುತ್ತಿ ಕಟ್ಟಿಕೊಂಡರು.

ಅಕ್ಕ ಮೊರ ಇಳಿಸಿ ಜಗಲಿಗೆ ಬಂದಳು. ನೆಲದ ಮೇಲಿನ ಸೀಮೆಸುಣ್ಣದ ನಕ್ಷೆ ಅರ್ಧ ಅಳಿಸಿಹೋಗಿತ್ತು. ಅದರ ಮುಂದೆ ನಿಂತು ಮಂಚ ನೋಡಿದಳು, ಗ್ಯಾಸು ನೋಡಿದಳು, ಮಿಕ್ಸಿಯನ್ನು ಕಾಲಿನ ಹೆಬ್ಬೆರಳಿನಿಂದ ಒರೆಸಿ ಹಾಕಿದಳು.

"ನನ್ನ ಒಳ್ಕಲ್ಲು ಎಲ್ಲಿಕ್ತೀರ?"

ಭಾವ ಅಂಗಳದಲ್ಲೇ ನಿಂತರು. ಮೂವತ್ತೈದು ವರ್ಷ ಭಾರ ಹೊತ್ತ ಮನುಷ್ಯ, ಒಂದು ಗಳಿಗೆಯೂ ಯೋಚಿಸಲಿಲ್ಲ.

"ಹಿಂದಿನ ಚಕ್ರದ ಮ್ಯಾಲೆ, ನಟ್ಟ ನಡುವೆ," ಎಂದರು. "ಅಲ್ಲಿ ಕಲ್ಲು ಕೂತ್ರೆ ಗಾಡಿ ಎಗರಲ್ಲ."